1953ರ ಷೆವರ್ಲೆ ಪಿಕಪ್, ಹಿಂದೆ ಎರಡು ಬಾಗಿಲು ಸೇರಿಸಿದ್ದು: ತಗೊಳ್ಳಬಹುದಾ?

ಫ್ರಿಸ್ಕೋ ಮಂಜು:

ಎಲ್ಲರಿಗೂ ನಮಸ್ಕಾರ. ಊರು ತಿಪಟೂರು, ಈಗ ಇರುವುದು ಟೆಕ್ಸಸ್‌ನ ಫ್ರಿಸ್ಕೋದಲ್ಲಿ. ಇಲ್ಲಿಗೆ ಬಂದಾಗಿನಿಂದ ಹಳೇ ಪಿಕಪ್‌ಗಳ ಮೇಲೆ ಕಣ್ಣು. ಅದರಲ್ಲೂ 1947ರಿಂದ 55ರ ತನಕ ಬಂತಲ್ಲ, ಆ ದುಂಡು ಮುಖದ ಷೆವರ್ಲೆ. ಪ್ರತಿ ವರ್ಷ ಫೋರ್ಟ್ ವರ್ತ್ ಹತ್ತಿರದ ಪೇಟ್ ಸ್ವಾಪ್ ಮೀಟ್ ಅನ್ನುವ ಹಳೇ ಗಾಡಿಗಳ ಸಂತೆಗೆ ಹೋಗುತ್ತೇನೆ, ಗಾಡಿಗಳನ್ನು ಸವರಿ ನೋಡಿ ವಾಪಸ್ ಬರುತ್ತೇನೆ. ನಮ್ಮ ಮನೆಯವಳದ್ದು ಒಂದೇ ಪ್ರಶ್ನೆ: "ಒಂದೇ ಸೀಟಿನ ಗಾಡಿಯಲ್ಲಿ ನಾವು ನಾಲ್ಕು ಜನ ಹೇಗ್ರೀ ಹೋಗೋದು?" ಮಗಳಿಗೆ ಒಂಬತ್ತು, ಮಗನಿಗೆ ಆರು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಒಂದು ಜಾಹೀರಾತು ಕಣ್ಣಿಗೆ ಬಿದ್ದಿದೆ. 1953ರ ಷೆವರ್ಲೆ 3100. ನಾಲ್ಕು ಬಾಗಿಲು, ಹಿಂದೆ ಪೂರ್ತಿ ಸೀಟು. ಕೆಳಗೆ 2001ರ ಸಿಲ್ವರಾಡೋ (ಷೆವರ್ಲೆಯದೇ ಈಚಿನ ಪಿಕಪ್) ಚಾಸಿ, 5.3 ಲೀಟರ್ ವಿ8, ಆಟೋಮ್ಯಾಟಿಕ್ ಗೇರ್, ಎಸಿ. ಮೇಲೆ ತಿಳಿ ಹಸಿರು, ಕೆಳಗೆ ಕೆನೆ ಬಣ್ಣ. ಫೋಟೋದಲ್ಲಿ ನೋಡಿದರೆ ಕಂಪನಿಯವರೇ ಹೀಗೆ ಮಾಡಿದ್ದರೇನೋ ಅನ್ನಿಸುತ್ತದೆ. 68,000 ಡಾಲರ್ ಕೇಳುತ್ತಿದ್ದಾರೆ. ಮಾರುತ್ತಿರುವವರು ಕಟ್ಟಿಸಿದವರಲ್ಲ, ಅವರಿಂದ ಕೊಂಡವರು. ಕಟ್ಟಿದ ಶಾಪ್ ಈಗ ಮುಚ್ಚಿದೆಯಂತೆ.

ನನಗೆ ಕಾರು ಓಡಿಸುವುದು ಗೊತ್ತು, ಆಯಿಲ್ ಬದಲಾಯಿಸುವುದು ಗೊತ್ತು, ಅಲ್ಲಿಗೆ ಮುಗಿಯಿತು. ಇಂತಹ ಗಾಡಿಯನ್ನು ಹೇಗೆ ಕಟ್ಟುತ್ತಾರೆ, ನೋಡಲು ಹೋದಾಗ ಏನು ನೋಡಬೇಕು, ಮಕ್ಕಳನ್ನು ಕೂರಿಸಬಹುದಾ? ಆಫೀಸಿನ ಗೆಳೆಯನೊಬ್ಬ "ಎರಡು ಹಳೇ ಕ್ಯಾಬ್ (ಪಿಕಪ್‌ನಲ್ಲಿ ಜನ ಕೂರುವ ಭಾಗ) ತಂದು ನೀನೇ ಮಾಡಿಸು, ಅರ್ಧ ದುಡ್ಡಿಗೆ ಆಗುತ್ತೆ" ಅನ್ನುತ್ತಿದ್ದಾನೆ. ನಿಜವಾ?

ಒಮಾಹಾ ನಾಗರಾಜ:

ಮಂಜು, ಮೊದಲು ಒಂದು ವಿಷಯ. 1953ರಲ್ಲಿ ಷೆವರ್ಲೆ ನಾಲ್ಕು ಬಾಗಿಲಿನ ಪಿಕಪ್ ಮಾಡಿರಲೇ ಇಲ್ಲ. ಅಮೆರಿಕದಲ್ಲಿ ಆರು ಜನ ಕೂರುವ ಪಿಕಪ್ ಅನ್ನು ಕಂಪನಿಯಿಂದಲೇ ಮೊದಲು ತಂದದ್ದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ನಮ್ಮ ಈ ಕಡೆ ಟ್ರಾಕ್ಟರ್‌ಗೆ ಹೆಸರಾದವರು. 1957ರಲ್ಲಿ ಟ್ರಾವೆಲೆಟ್ ಅಂತ ಬಿಟ್ಟರು. ಅದಕ್ಕೂ ಮೂರೇ ಬಾಗಿಲು. ಹಿಂದಿನ ಬಾಗಿಲು ಡ್ರೈವರ್ ಕಡೆ ಇಲ್ಲ, ಇನ್ನೊಂದು ಕಡೆ ಮಾತ್ರ. ನಾಲ್ಕನೆಯದು ಬಂದದ್ದು 1961ರಲ್ಲಿ. ಆಮೇಲೆ ಡಾಡ್ಜ್, ಫೋರ್ಡ್ ಎಲ್ಲ ಬಂದರು. ಷೆವರ್ಲೆ ಬಂದದ್ದು 1973ರಲ್ಲಿ, ಆ ಚೌಕ ಮುಖದ ಮಾಡೆಲ್ ಜೊತೆ.

ಆಗ ಇವನ್ನು ಕೊಳ್ಳುತ್ತಿದ್ದದ್ದು ಸಂಸಾರಸ್ಥರಲ್ಲ. ರೈಲ್ವೆ ಹಳಿ ಕೆಲಸದ ಗ್ಯಾಂಗ್, ಕರೆಂಟ್ ಕಂಬದವರು, ಅರಣ್ಯ ಇಲಾಖೆ, ಪೈಪ್‌ಲೈನ್ ಕೆಲಸದವರು. ಕೆಲಸದ ಗಾಡಿ, ಆದ್ದರಿಂದ ಸಾಯುವ ತನಕ ದುಡಿಸಿ ಗುಜರಿಗೆ ಹಾಕಿದರು. ಹಾಗಾಗಿ ಉಳಿದಿರುವುದು ಕಮ್ಮಿ.

ನನ್ನ ಸಲಹೆ ಸುಮ್ನೆ ಇಷ್ಟೇ. 68,000 ಕೊಟ್ಟು ಯಾರೋ ಕತ್ತರಿಸಿ ಅಂಟಿಸಿದ ಗಾಡಿ ಯಾಕೆ? 1973ರಿಂದ 91ರ ನಡುವಿನ ಚೌಕ ಷೆವರ್ಲೆ ಕ್ರೂ ಕ್ಯಾಬ್ ಒಂದನ್ನು ಹುಡುಕಿ. ಕಂಪನಿಯದೇ ನಾಲ್ಕು ಬಾಗಿಲು, ಕಂಪನಿಯದೇ ಛಾವಣಿ. ಒಳ್ಳೆಯದು ಇದರ ಅರ್ಧ ಬೆಲೆಗೂ ಸಿಗುತ್ತದೆ.

ಹಳೇ ತಗಡು:

ಮಂಜು ಅವರೇ, ನಾನು ಡೆಟ್ರಾಯಿಟ್ ಹತ್ತಿರ ಹಳೇ ಗಾಡಿಗಳ ಶಾಪಿನಲ್ಲಿ ತಗಡಿನ ಕೆಲಸ ಮಾಡುತ್ತೇನೆ. ಕಲಿತದ್ದು ದಾವಣಗೆರೆ ಪಿ.ಬಿ. ರೋಡಿನಲ್ಲಿ, ನಮ್ಮ ದೊಡ್ಡಪ್ಪನ ಲಾರಿ ಬಾಡಿ ಗ್ಯಾರೇಜಿನಲ್ಲಿ. ಹಾಗಾಗಿ ಎಂಜಿನ್ ಬಗ್ಗೆ ನನ್ನನ್ನು ಜಾಸ್ತಿ ಕೇಳಬೇಡಿ. ಇಂತಹ ಗಾಡಿ ಕೊಳ್ಳುವಾಗ ಎಂಜಿನ್ ದೊಡ್ಡ ವಿಷಯವೂ ಅಲ್ಲ. 5.3 ಕೆಟ್ಟರೆ ಯಾವ ಗುಜರಿಯಲ್ಲಾದರೂ ಇನ್ನೊಂದು ಸಿಗುತ್ತದೆ. ನಡುವಿನ ಬಾಗಿಲ ಕಂಬ ಕೆಟ್ಟರೆ ಎಲ್ಲೂ ಸಿಗುವುದಿಲ್ಲ. ಆ ಕಂಬವನ್ನು ಯಾರೋ ಒಬ್ಬ ಕೂತು ಕೈಯಲ್ಲಿ ಮಾಡಿದ್ದಾನೆ. ನೀವು 68,000 ಕೊಡುತ್ತಿರುವುದು ಅವನ ಕೈಗೆ. ಅವನ ಕೈ ಹೇಗಿತ್ತು ಅನ್ನುವುದನ್ನು ನೀವು ಕಂಡುಹಿಡಿಯಬೇಕು, ಅಷ್ಟೇ.

ಕಟ್ಟುವುದು ಹೀಗೆ. ಎರಡು ಕ್ಯಾಬ್ ಬೇಕು. ಮೊದಲನೆಯದರಿಂದ ಮುಂಭಾಗ: ಗಾಜು, ಡ್ಯಾಶ್, ಮುಂದಿನ ಬಾಗಿಲುಗಳು. ಎರಡನೆಯದರಿಂದ ಹಿಂದಿನ ಗೋಡೆ, ಹಿಂದಿನ ಮೂಲೆಗಳು, ಛಾವಣಿಯ ಹಿಂಭಾಗ. ನಡುವೆ ನೆಲವನ್ನು ಹೊಸದಾಗಿ ಮಾಡಬೇಕು. ಹಿಂದಿನ ಬಾಗಿಲಿಗೆ ಇನ್ನೊಂದು ಜೊತೆ ಮುಂದಿನ ಬಾಗಿಲನ್ನೇ ತರುತ್ತಾರೆ. ಅದನ್ನು ಹಾಗೇ ಹಾಕಿದರೆ ಗಾಡಿ ರೈಲು ಬೋಗಿ ಆಗುತ್ತದೆ. ಅದಕ್ಕೇ ಬಾಗಿಲನ್ನು ಮಧ್ಯಕ್ಕೆ ಸೀಳಿ, ಗಿಡ್ಡ ಮಾಡಿ, ಮತ್ತೆ ಸೇರಿಸುತ್ತಾರೆ. ಹೊರಗಿನ ತಗಡು, ಒಳಗಿನ ತಗಡು, ಗಾಜು ಇಳಿಯುವ ಹಳಿ, ಎಲ್ಲವೂ ಗಿಡ್ಡ ಆಗಬೇಕು. ಒಂದು ಒಳ್ಳೆಯದೆಂದರೆ ಈ ಮಾಡೆಲ್‌ನಲ್ಲಿ ಬಾಗಿಲ ಗಾಜು ಚಪ್ಪಟೆ. ಒಂದು ರಟ್ಟಿನ ಅಚ್ಚು ಕೊಟ್ಟರೆ ಗಾಜಿನ ಅಂಗಡಿಯವರು ಲ್ಯಾಮಿನೇಟೆಡ್ ಗಾಜು ಕತ್ತರಿಸಿ ಕೊಡುತ್ತಾರೆ.

1951ರಿಂದ ಈ ಷೆವರ್ಲೆಗಳ ಬಾಗಿಲಲ್ಲಿ ಮುಂದುಗಡೆ ಒಂದು ಸಣ್ಣ ತ್ರಿಕೋನ ಗಾಜು ಬಂತು, ಗಾಳಿಗೆ ತಿರುಗಿಸಿಕೊಳ್ಳುವಂಥದ್ದು. ಹಿಂದಿನ ಬಾಗಿಲಲ್ಲೂ ಅದು ಹಾಗೇ ಉಳಿದಿದ್ದರೆ ಕಟ್ಟಿದವನಿಗೆ ಅವಸರ ಇತ್ತು ಅಂತ ನಾನು ಅಂದುಕೊಳ್ಳುತ್ತೇನೆ. ಕಣ್ಣಿದ್ದವನು ಅದನ್ನು ತೆಗೆದು ಒಂದೇ ಗಾಜು ಕೂರಿಸುತ್ತಾನೆ. ಇದು ನನ್ನ ಅಭಿಪ್ರಾಯ, ಕೆಲವರು ಜಗಳಕ್ಕೆ ಬರುತ್ತಾರೆ, ಬರಲಿ.

ನಿಜವಾದ ಕಷ್ಟ ಛಾವಣಿ. ತಗಡು ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ದಪ್ಪ. ಅಷ್ಟು ಅಗಲದ, ಹೆಚ್ಚು ಬಾಗು ಇಲ್ಲದ ತಗಡಿಗೆ ಈ ಕಡೆಯಿಂದ ಆ ಕಡೆಗೆ ವೆಲ್ಡಿಂಗ್ ಎಳೆದರೆ ಶಾಖಕ್ಕೆ ಅದು ಮೊದಲು ಉಬ್ಬುತ್ತದೆ, ಆರಿದ ಮೇಲೆ ಕುಗ್ಗುತ್ತದೆ, ಅಕ್ಕಪಕ್ಕದ ತಗಡನ್ನೂ ಎಳೆದುಕೊಳ್ಳುತ್ತದೆ. ಬಲ್ಲವರು ಟಿಗ್ ವೆಲ್ಡಿಂಗ್‌ನಲ್ಲಿ (ಕೈಯಲ್ಲಿ ತಂತಿ ಕೊಡುತ್ತಾ ನಿಧಾನಕ್ಕೆ ಮಾಡುವ ಬೆಸುಗೆ) ಒಂದೊಂದು ಇಂಚು ಹಾಕಿ, ಬೇರೆ ಕಡೆ ಹೋಗಿ, ಆರಲು ಬಿಟ್ಟು, ಮತ್ತೆ ಬರುತ್ತಾರೆ. ಟಿಗ್ ಬೆಸುಗೆ ಮೆದು. ಆಮೇಲೆ ಸುತ್ತಿಗೆ, ಡಾಲಿ (ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಬಡಿದರೆ ಕುಗ್ಗಿದ ತಗಡು ಮತ್ತೆ ಹಿಗ್ಗುತ್ತದೆ. ಮಿಗ್ ಬೆಸುಗೆ (ಯಂತ್ರವೇ ತಂತಿ ದೂಡುವ, ಬೇಗ ಆಗುವಂಥದ್ದು) ಗಟ್ಟಿ, ಬಡಿದರೆ ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ. ಮಿಗ್‌ನಲ್ಲಿ ಸರ ಸರ ಎಳೆದು, ಹಳ್ಳ ಬಿದ್ದಲ್ಲಿ ಪುಟ್ಟಿ ತುಂಬಿ, ಉಜ್ಜಿ, ಪೇಂಟ್ ಹೊಡೆದರೂ ಫೋಟೋದಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಟೆಕ್ಸಸ್ ಬಿಸಿಲಿಗೆ ನಾಲ್ಕು ಬೇಸಿಗೆ ಕಳೆಯಲಿ, ಗೆರೆ ತಾನೇ ಎದ್ದು ಕಾಣುತ್ತದೆ.

ಆದ್ದರಿಂದ ನೋಡಲು ಹೋಗುವಾಗ ಪೇಂಟ್ ದಪ್ಪ ಅಳೆಯುವ ಮೀಟರ್ ತೆಗೆದುಕೊಂಡು ಹೋಗಿ. ದುಬಾರಿಯದು ಬೇಡ. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಇರುತ್ತದೆ. ಮತ್ತೆ ಪೇಂಟ್ ಮಾಡಿದ ಗಾಡಿಯಲ್ಲಿ ಅದರ ಎರಡು ಪಟ್ಟು, ಮೂರು ಪಟ್ಟು ಬಂದರೂ ಗಾಬರಿಯಾಗಬೇಡಿ. ಪುಟ್ಟಿ ಇರುವುದೇ ಅಪರಾಧವಲ್ಲ, ನಾವೂ ಹಾಕುತ್ತೇವೆ. 3 ಮಿಲಿಮೀಟರ್ ದಾಟಿದರೆ ಮಾತ್ರ ಕೇಳಿ. ನಡುವಿನ ಕಂಬದ ಮೇಲೆ, ಛಾವಣಿಯನ್ನು ಅಡ್ಡಲಾಗಿ, ಅಂಗೈ ಅಂಗೈ ಜಾಗಕ್ಕೆ ಅಳೆಯುತ್ತಾ ಹೋಗಿ. ಮಾಲೀಕರು ಒಪ್ಪಿದರೆ ಒಳಗಿನ ಛಾವಣಿ ಬಟ್ಟೆಯ ಒಂದು ಮೂಲೆ ಬಿಚ್ಚಿ ಟಾರ್ಚ್ ಹಾಕಿ. ಮೇಲಿನಿಂದ ಮುಚ್ಚಬಹುದು, ಕೆಳಗಿನಿಂದ ಯಾರೂ ಮುಚ್ಚಲು ಹೋಗುವುದಿಲ್ಲ.

ಇನ್ನೊಂದು ಪರೀಕ್ಷೆ, ದುಡ್ಡು ಖರ್ಚಿಲ್ಲದ್ದು. ಗಾಡಿಯ ಮುಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ನೆಲ ಬಿಡುವ ತನಕ ಎತ್ತಿಸಿ. ಈಗ ಹಿಂದಿನ ಬಾಗಿಲುಗಳನ್ನು ತೆಗೆದು ಹಾಕಿ ನೋಡಿ. ಮೊದಲಿನಂತೆಯೇ ಮುಚ್ಚಿದರೆ ಕೆಳಗಿನ ಕೆಲಸ ಗಟ್ಟಿ. ಕಚ್ಚಿಕೊಂಡರೆ, ಅಥವಾ ಮೇಲೆ ಬಾಯಿ ಬಿಟ್ಟರೆ, ಕ್ಯಾಬ್ ತಿರುಚುತ್ತಿದೆ. ಷೆವರ್ಲೆಯ ಆಗಿನ ಎಂಜಿನಿಯರ್‌ಗಳಿಗೆ ಇದು ಗೊತ್ತಿತ್ತು. ಆಗಿನ ಚಾಸಿ ತೆಳು, ರಸ್ತೆ ಕೆಟ್ಟದ್ದು, ಚಾಸಿ ಬಳುಕುತ್ತಿತ್ತು. ಅದಕ್ಕೇ ಕ್ಯಾಬಿನ ಹಿಂಭಾಗವನ್ನು ನೇರ ಬೋಲ್ಟ್ ಮಾಡದೆ, ಆಡುವ ಕೊಂಡಿಯ ಮೇಲೆ ಕೂರಿಸಿದ್ದರು. ಚಾಸಿ ಬಳುಕಿದರೂ ಕ್ಯಾಬ್ ಬಳುಕಬಾರದು ಅಂತ. ಕ್ಯಾಬ್ ಉದ್ದವಾದಷ್ಟೂ ಈ ಸಮಸ್ಯೆ ದೊಡ್ಡದು. ನಡುವೆ ಹೊಸ ಮೌಂಟ್ (ಕ್ಯಾಬನ್ನು ಚಾಸಿಗೆ ಹಿಡಿಸುವ ಬ್ರ್ಯಾಕೆಟ್, ರಬ್ಬರ್, ಬೋಲ್ಟ್) ಕೊಡಲೇಬೇಕು, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ಪೆಟ್ಟಿಗೆ ಗಟ್ಟಿ ಇರಲೇಬೇಕು.

ಸಿಲ್ವರಾಡೋ ಚಾಸಿ ಅಂದರೆ ಒಂದು ರೀತಿ ಒಳ್ಳೆಯದೇ. ಹಳೇ 3100ಗೆ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಉದ್ದ) 116 ಇಂಚು. 2001ರ ಎಕ್ಸ್‌ಟೆಂಡೆಡ್ ಕ್ಯಾಬ್ (ಸ್ವಲ್ಪ ಉದ್ದದ ಕ್ಯಾಬ್), ಗಿಡ್ಡ ಬೆಡ್ (ಹಿಂದೆ ಸಾಮಾನು ಹಾಕುವ ತೊಟ್ಟಿ) ಇರುವ ಸಿಲ್ವರಾಡೋದ್ದು 143.5. ಹೆಚ್ಚು ಕಡಿಮೆ ಹಿಂದಿನ ಸೀಟಿಗೆ ಬೇಕಾದ ಉದ್ದವೇ ಅದು. ಚಾಸಿ ಕತ್ತರಿಸದೆ ಕೆಲಸ ಆಗಿರಬಹುದು. ಡಿಸ್ಕ್ ಬ್ರೇಕ್ ಬರುತ್ತದೆ, ಎರಡು ಸರ್ಕ್ಯೂಟ್ ಬರುತ್ತದೆ. 53ರ ಅಸಲಿ ಗಾಡಿಯಲ್ಲಿ ನಾಲ್ಕೂ ಡ್ರಮ್, ಒಂದೇ ಸರ್ಕ್ಯೂಟ್. ಒಂದು ಪೈಪ್ ಸೋರಿದರೆ ನಾಲ್ಕೂ ಹೋಯಿತು. ಆದರೆ ಹೊಸ ಚಾಸಿ ಅಗಲ ಜಾಸ್ತಿ. ದುಂಡು ಮಡ್‌ಗಾರ್ಡ್ ಒಳಗೆ ಚಕ್ರ ಸರಿಯಾಗಿ ಕೂರುವುದಿಲ್ಲ. ಕೆಲವರು ಮಡ್‌ಗಾರ್ಡ್ ಅಗಲ ಮಾಡುತ್ತಾರೆ, ಕೆಲವರು ಬೇರೆ ರಿಮ್ ಹಾಕಿ ತಳ್ಳಿಬಿಡುತ್ತಾರೆ. ಸ್ಟಿಯರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ ಟೈರ್ ಎಲ್ಲಾದರೂ ಉಜ್ಜುತ್ತದಾ ನೋಡಿ.

ಮಕ್ಕಳ ವಿಷಯ. ಅಮೆರಿಕದಲ್ಲಿ ಕಾರುಗಳಿಗೆ ಬೆಲ್ಟ್ ಕಡ್ಡಾಯ ಆದದ್ದೇ 1968ರಿಂದ. 53ರ ಕ್ಯಾಬಿನಲ್ಲಿ ಬೆಲ್ಟ್ ಕಟ್ಟಲು ಜಾಗವೇ ಇಲ್ಲ. ಇರುವುದೆಲ್ಲ ಯಾರೋ ಆಮೇಲೆ ಹಾಕಿದ್ದು. ನಿಮ್ಮ ಮಗ ಆರು ವರ್ಷದವನು, ಟೆಕ್ಸಸ್‌ನಲ್ಲಿ ಎಂಟು ತುಂಬುವ ತನಕ ಅಥವಾ 4 ಅಡಿ 9 ಇಂಚು ಬೆಳೆಯುವ ತನಕ ಮಕ್ಕಳ ಸೀಟು ಬೇಕು. ಬೂಸ್ಟರ್ ಸೀಟಿಗೆ (ಮಕ್ಕಳನ್ನು ಎತ್ತರಕ್ಕೆ ಕೂರಿಸುವ ಸೀಟು) ಹೆಗಲ ಬೆಲ್ಟ್ ಇಲ್ಲದೆ ಆಗುವುದಿಲ್ಲ, ಬರೀ ಸೊಂಟದ ಬೆಲ್ಟ್ ಸಾಲದು. ಹೆಗಲ ಬೆಲ್ಟಿನ ಮೇಲಿನ ಬೋಲ್ಟ್ ತಗಡಿಗೆ ಹೋಗಿದೆಯೋ, ಒಳಗೆ ದಪ್ಪ ಪ್ಲೇಟ್ ಅಥವಾ ಪೈಪ್ ಕಂಬ ಇದೆಯೋ ನೋಡಿ. ನನ್ನ ಲೆಕ್ಕದಲ್ಲಿ ಇದೊಂದು ಸರಿ ಇಲ್ಲದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ನಿಮಗೆ ಅದು ಎರಡು ಸೀಟಿನ ಗಾಡಿಯೇ.

ಕೊನೆಗೆ ನಿಮ್ಮ ಆಫೀಸ್ ಗೆಳೆಯನ ಅರ್ಧ ದುಡ್ಡಿನ ಮಾತು. ನಮ್ಮ ಕಡೆ ಶಾಪ್ ಕೂಲಿ ಗಂಟೆಗೆ 100 ಡಾಲರ್‌ಗಿಂತ ಮೇಲೆ. ಇಂತಹ ಕೆಲಸ ಸಾವಿರ ಗಂಟೆ ದಾಟುವುದು ಅಪರೂಪವಲ್ಲ. ಗುಣಿಸಿಕೊಳ್ಳಿ. ಅವರಿಗೂ ಗುಣಿಸಲು ಹೇಳಿ.

ನಾಗರಾಜ್ ಹೇಳಿದ್ದು ಸರಿಯೇ, ಚೌಕ ಷೆವರ್ಲೆ ಬುದ್ಧಿವಂತರ ಆಯ್ಕೆ. ಒಂದೇ ತೊಂದರೆ, ಕಂಪನಿಯವರು ಅದನ್ನು ಎಂಟು ಅಡಿ ಬೆಡ್ ಜೊತೆ ಮಾತ್ರ ಮಾಡಿದರು. ವೀಲ್‌ಬೇಸೇ 164.5 ಇಂಚು. ಫ್ರಿಸ್ಕೋದ ಮಾಲ್ ಪಾರ್ಕಿಂಗ್‌ನಲ್ಲಿ ತಿರುಗಿಸಿ ನೋಡಿ, ಗೊತ್ತಾಗುತ್ತದೆ. ಅದಕ್ಕೇ ಈಗ ಎಷ್ಟೋ ಜನ ಅದರ ಚಾಸಿಯನ್ನೂ ಬೆಡ್ಡನ್ನೂ ಕತ್ತರಿಸಿ ಗಿಡ್ಡ ಮಾಡಿಸುತ್ತಾರೆ. ಅಂದರೆ ಕತ್ತರಿ ಅಲ್ಲೂ ತಪ್ಪಲಿಲ್ಲ.

ಸ್ಟುಟ್‌ಗಾರ್ಟ್ ಶಶಿ:

ಮೂರು ಬಾಗಿಲು ಅಂದಾಗ ನೆನಪಾಯಿತು. ನಮ್ಮೂರಿನ ಹತ್ತಿರ ಲಾರ್ಖ್ ಅಂತ ಊರಿದೆ. ಅಲ್ಲಿನ ಬಿನ್ಸ್ ಅನ್ನುವ ಬಾಡಿ ಕಟ್ಟುವವರು 1953ರಲ್ಲೇ ಫೋಕ್ಸ್‌ವಾಗನ್ ಪಿಕಪ್ ತಂದು ಡಬಲ್ ಕ್ಯಾಬ್ ಮಾಡಿ ಕೊಡುತ್ತಿದ್ದರು. ಹಿಂದೆ ಒಂದೇ ಕಡೆ ಬಾಗಿಲು. ಜನ ಕೇಳಿ ಕೇಳಿ ತಗೊಂಡ ಮೇಲೆ 1958ರ ಕೊನೆಯಲ್ಲಿ ಫೋಕ್ಸ್‌ವಾಗನ್ ತಾನೇ ಮಾಡಲು ಶುರು ಮಾಡಿತು. ಅದಕ್ಕೂ ಒಂದೇ ಕಡೆ ಬಾಗಿಲು!

ಅಮೆರಿಕಕ್ಕೂ ಹೋಗುತ್ತಿತ್ತು. ಆಮೇಲೆ ಕೋಳಿ ಜಗಳ ಬಂತು. ಯೂರೋಪಿನವರು ಅಮೆರಿಕದ ಕೋಳಿಗೆ ತೆರಿಗೆ ಹಾಕಿದರು, ಅಮೆರಿಕದವರು 1964ರಲ್ಲಿ ಹೊರಗಿನ ಸಣ್ಣ ಟ್ರಕ್‌ಗಳ ಮೇಲೆ 25% ಹಾಕಿದರು. ಕೋಳಿ ವಿಷಯ ಎಲ್ಲರಿಗೂ ಮರೆತಿದೆ, ಟ್ರಕ್ ತೆರಿಗೆ ಹಾಗೇ ಇದೆ. ಮಂಜು ಅವರಿಗೆ ಇದರಿಂದ ಏನೂ ಉಪಯೋಗ ಇಲ್ಲ, ಸುಮ್ನೆ ಹೇಳಿದೆ.

ಮಲ್ಲೇಶ್ವರ ಮೆಕ್ಯಾನಿಕಲ್:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸಕಲೇಶಪುರದಲ್ಲಿ ನಮ್ಮ ಸೋದರಮಾವನ ತೋಟದ ಶೆಡ್ಡಿನಲ್ಲಿ ಅಪ್ಪನ ಕಾಲದ ಒಂದು ಡಾಡ್ಜ್ ಪಿಕಪ್ ನಿಂತಿದೆ. ಚಾಸಿ ಗಟ್ಟಿ ಇದೆ. ಇಲ್ಲಿ ಟಿಂಕರಿಂಗ್ ಕೂಲಿ ಅಮೆರಿಕದಷ್ಟಿಲ್ಲ. ಅದನ್ನು ಇದೇ ತರಹ ಡಬಲ್ ಕ್ಯಾಬಿನ್ ಮಾಡಿಸಿದರೆ ಹೇಗೆ?

ಹಳೇ ತಗಡು:

ಬೇಡ. ಕೈಕೆಲಸ ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಆಗುತ್ತದೆ, ಇಲ್ಲಿಗಿಂತ ಚೆನ್ನಾಗಿ ಮಾಡುವವರೂ ಇದ್ದಾರೆ. ಆರ್‌ಟಿಒದಲ್ಲಿ ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಬಿಗಿ ಮಾಡಿತು. ಜೊತೆಗೆ 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ಬಂದಿದೆ, 50 ವರ್ಷ ದಾಟಿದವಕ್ಕೆ. ಸ್ವಂತ ಬಳಕೆಯದಾಗಿರಬೇಕು. ನಂಬರ್ ಪ್ಲೇಟಲ್ಲಿ ವಿಎ ಅಂತ ಬರುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ನೀವು ಬಾಗಿಲು ಸೇರಿಸಿದ ದಿನವೇ ಆ ಅವಕಾಶ ಕೈ ತಪ್ಪುತ್ತದೆ. ಆ ಡಾಡ್ಜ್ ಹೇಗಿದೆಯೋ ಹಾಗೇ ಎತ್ತಿ ನಿಲ್ಲಿಸಿ. ಮೊದಲು ಮಾವನ ಹತ್ತಿರ ಹಳೇ ಆರ್‌ಸಿ ಇದೆಯಾ ಕೇಳಿ, ಅದೇ ಇಲ್ಲದಿದ್ದರೆ ಉಳಿದ ಮಾತು ದಂಡ.

ಫ್ರಿಸ್ಕೋ ಮಂಜು:

ಸರ್, ಶನಿವಾರ ಹೋಗಿ ನೋಡಿ ಬಂದೆ. ನೀವು ಹೇಳಿದ ಮೀಟರ್ ಒಯ್ದಿದ್ದೆ. ಮಾಲೀಕರು ಒಳ್ಳೆಯವರು, ಎಲ್ಲದಕ್ಕೂ ಒಪ್ಪಿದರು, ಜಾಕ್ ಕೂಡ ಅವರೇ ತಂದರು.

ಛಾವಣಿಯಲ್ಲಿ 250ರಿಂದ 400 ಮೈಕ್ರಾನ್ ಒಳಗೇ ಬಂತು, ನಡುವಿನ ಕಂಬದ ಮೇಲೂ ಅಷ್ಟೇ. ಒಳಗಿನ ಬಟ್ಟೆ ಬಿಚ್ಚಿ ನೋಡಿದಾಗ ಸಣ್ಣ ಸಮ ಗೆರೆ ಕಂಡಿತು, ಸುತ್ತಿಗೆ ಗುರುತು ಇತ್ತು. ಬಲಗಡೆ ಹಿಂದಿನ ಮೂಲೆ ಕೆಳಗೆ ಮಾತ್ರ 1.8 ಮಿಲಿಮೀಟರ್ ತೋರಿಸಿತು. ಹಿಂದಿನ ಬಾಗಿಲಲ್ಲಿ ತ್ರಿಕೋನ ಗಾಜು ಇಲ್ಲ, ಒಂದೇ ಗಾಜು. ನಿಮಗೆ ಖುಷಿ ಆಗಬಹುದು.

ಜಾಕ್ ಪರೀಕ್ಷೆ: ಬಲ ಚಕ್ರ ಎತ್ತಿದಾಗ ಏನೂ ಆಗಲಿಲ್ಲ. ಎಡ ಚಕ್ರ ಎತ್ತಿದಾಗ ಎಡ ಹಿಂದಿನ ಬಾಗಿಲು ಕೆಳಗೆ ಕಚ್ಚಿಕೊಂಡಿತು, ಭುಜ ಕೊಟ್ಟು ತಳ್ಳಬೇಕಾಯಿತು. ಇಳಿಸಿದ ಮೇಲೆ ಸರಿಯಾಯಿತು. ಮಾಲೀಕರಿಗೇ ಆಶ್ಚರ್ಯ.

ಹಿಂದಿನ ಸೀಟಿಗೆ ಬರೀ ಸೊಂಟದ ಬೆಲ್ಟ್. ಕೆಳಗೆ ಬಗ್ಗಿ ನೋಡಿದರೆ ನೆಲದ ತಗಡಿಗೆ ಬೋಲ್ಟ್, ಒಂದು ದೊಡ್ಡ ವಾಷರ್. ಅಷ್ಟೇ. ಟೈಟಲ್ ಪೇಪರಿನಲ್ಲಿ (ಗಾಡಿ ಯಾರದು ಅನ್ನುವ ಕಾಗದ) 1953 ಷೆವರ್ಲೆ ಅಂತಿದೆ, ಡ್ರೈವರ್ ಬಾಗಿಲ ಕಂಬದ ಪ್ಲೇಟಿನ ನಂಬರಿಗೆ ಹೊಂದುತ್ತದೆ. 2001ರ ಚಾಸಿಯ ಬಗ್ಗೆ ಪೇಪರಿನಲ್ಲಿ ಒಂದು ಮಾತೂ ಇಲ್ಲ. ಬೆಲೆ 61,000ಕ್ಕೆ ಇಳಿಸಿದ್ದಾರೆ. ಮನೆಯವಳಿಗೆ ಬಣ್ಣ ಹಿಡಿಸಿಬಿಟ್ಟಿದೆ, ಈಗ ನನಗಿಂತ ಅವಳಿಗೇ ಜಾಸ್ತಿ ಅವಸರ.

ಒಮಾಹಾ ನಾಗರಾಜ:

ಬಾಗಿಲು ಕಚ್ಚಿಕೊಂಡಿತು ಅಂದಮೇಲೂ ಯೋಚನೆ ಮಾಡುತ್ತಿದ್ದೀರಾ? ಬಿಟ್ಟು ಬನ್ನಿ. ಕಾನ್ಸಾಸ್ ಕಡೆ ಚೌಕ ಷೆವರ್ಲೆ ಹುಡುಕೋಣ, ನಾನೂ ಜೊತೆಗೆ ಬರುತ್ತೇನೆ.

ಹಳೇ ತಗಡು:

ನಾಗರಾಜ್, ಸ್ವಲ್ಪ ತಾಳಿ. ಛಾವಣಿಯ ಆ ಅಳತೆ ಸುಮ್ನೆ ಬರುವುದಿಲ್ಲ. ಸುತ್ತಿಗೆ ಗುರುತು ಒಳಗೆ ಕಂಡಿದೆ ಅಂದರೆ ಆ ಮನುಷ್ಯನಿಗೆ ತಗಡು ಗೊತ್ತಿತ್ತು. ಬಲ ಮೂಲೆಯ 1.8 ನನಗೆ ಲೆಕ್ಕಕ್ಕಿಲ್ಲ. ಈ ಕ್ಯಾಬುಗಳಲ್ಲಿ ಹಿಂದಿನ ಮೂಲೆ ತುಕ್ಕು ಹಿಡಿಯದ್ದು ನಾನು ಮಿಷಿಗನ್‌ನಲ್ಲಂತೂ ಕಂಡಿಲ್ಲ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ಹೋಗಿ ಸೇರುವುದೇ ಆ ಮೂಲೆಗೆ. ಅಲ್ಲಿ ಪ್ಯಾಚ್ ಹಾಕಿ ಪುಟ್ಟಿ ಎಳೆದಿದ್ದಾರೆ, ಇರಲಿ. ಒಂದು ಆಯಸ್ಕಾಂತ ಇಟ್ಟು ನೋಡಿ. ಹಿಡಿದರೆ ಕೆಳಗೆ ತಗಡು ಇದೆ. ಹಿಡಿಯದಿದ್ದರೆ ಹೇಳಿ.

ಒಂದೇ ಕಡೆ ಕಚ್ಚಿಕೊಳ್ಳುತ್ತಿರುವುದು ನೋಡಿದರೆ ನನಗೆ ಅನುಮಾನ ಮೌಂಟ್ ಮೇಲೆ. ಪೂರ್ತಿ ಕ್ಯಾಬ್ ದುರ್ಬಲ ಆಗಿದ್ದರೆ ಎರಡೂ ಕಡೆ ಏನಾದರೂ ತೋರಿಸುತ್ತಿತ್ತು. ಎಡಗಡೆ ನಡುವಿನ ಮೌಂಟಿನ ರಬ್ಬರ್ ಹೋಗಿರಬಹುದು, ಬೋಲ್ಟ್ ಸಡಿಲ ಆಗಿರಬಹುದು, ಬ್ರ್ಯಾಕೆಟ್ಟೇ ಬಿರುಕು ಬಿಟ್ಟಿರಬಹುದು. ರಬ್ಬರ್ ಆದರೆ ಒಂದು ಮಧ್ಯಾಹ್ನದ ಕೆಲಸ. ಬ್ರ್ಯಾಕೆಟ್ ಆದರೆ ಸ್ವಲ್ಪ ಜಾಸ್ತಿ. ಬಾಗಿಲ ಕೆಳಗಿನ ಪೆಟ್ಟಿಗೆಯೇ ಒಳಗೆ ತುಕ್ಕು ತಿಂದು ಟೊಳ್ಳಾಗಿದ್ದರೆ ನಾಗರಾಜ್ ಜೊತೆ ಕಾನ್ಸಾಸ್‌ಗೆ ಹೊರಡಿ, ನಾನು ತಡೆಯುವುದಿಲ್ಲ.

ಬೆಲ್ಟ್ ವಿಷಯದಲ್ಲಿ ಚೌಕಾಸಿ ಬೇಡ. ಇಷ್ಟು ಚೆನ್ನಾಗಿ ತಗಡು ಬಡಿದವನು ಬೆಲ್ಟಿಗೆ ಒಂದು ವಾಷರ್ ಹಾಕಿ ಬಿಟ್ಟಿದ್ದಾನೆ ಅಂದರೆ ನನಗೆ ಸಿಟ್ಟು ಬರುತ್ತದೆ. ಹಿಂದಿನ ಗೋಡೆಯ ಒಳಗೆ ಎರಡು ಕಡೆ ಕಂಬ, ಅದಕ್ಕೆ ಅಡ್ಡ ಒಂದು ಪೈಪ್, ಅದರ ಕಾಲುಗಳು ನೆಲದ ಗಟ್ಟಿ ಅಡ್ಡಪಟ್ಟಿಗೆ ಬೆಸುಗೆ ಆಗಬೇಕು. ಅದಕ್ಕೆ ಸೊಂಟ, ಹೆಗಲು ಎರಡನ್ನೂ ಹಿಡಿಯುವ ಮೂರು ಪಾಯಿಂಟ್ ಬೆಲ್ಟ್. ಮಾಡಲು ಹಿಂದಿನ ಸೀಟು, ಗೋಡೆಯ ಬಟ್ಟೆ ಎಲ್ಲ ತೆಗೆಯಬೇಕು. ಬೆಸುಗೆಯ ಶಾಖಕ್ಕೆ ಹೊರಗಿನ ಪೇಂಟ್ ಕೆಡುವ ಭಯವೂ ಇದೆ, ಆದ್ದರಿಂದ ಕಂಬವನ್ನು ಹೊರಗಿನ ತಗಡಿಗೆ ತಾಗಿಸದೆ ಕೂರಿಸಬೇಕು. ಸಿಕ್ಕ ಸಿಕ್ಕ ಗ್ಯಾರೇಜಿಗೆ ಕೊಡಬೇಡಿ. ರೇಸ್ ಕಾರಿಗೆ ಒಳಗಿನ ಪೈಪ್ ಚೌಕಟ್ಟು ಕಟ್ಟುವವರನ್ನು ಹುಡುಕಿ, ಡಲ್ಲಾಸ್ ಕಡೆ ಸಿಗುತ್ತಾರೆ. ಅವರಿಂದ ಬರಹದಲ್ಲಿ ಒಂದು ಅಂದಾಜು ತೆಗೆದುಕೊಂಡು, ಆ ಮೊತ್ತವನ್ನು ಪೂರ್ತಿ 61,000ದಿಂದ ಕಳೆಯಿರಿ. ಮಾಲೀಕರು ಒಪ್ಪದಿದ್ದರೆ ಮುಗಿಯಿತು.

ಟೈಟಲ್ ಇನ್ನೊಂದು ತಲೆನೋವು. ಕ್ಯಾಬ್ ಒಂದು ಗಾಡಿಯದು, ಚಾಸಿ ಇನ್ನೊಂದರದು. ಚಾಸಿಗೂ ಅದರದೇ ನಂಬರ್ ಇರುತ್ತದೆ. ಪೇಪರ್ 53 ಅನ್ನುತ್ತದೆ ಅಂತ ಮಾಲೀಕರು ಧೈರ್ಯ ಹೇಳಬಹುದು. ದುಡ್ಡು ಕೊಡುವ ಮೊದಲೇ ಎರಡೂ ನಂಬರಿನ ಫೋಟೋ ತೆಗೆದುಕೊಂಡು ನಿಮ್ಮ ಕೌಂಟಿಯ ಟ್ಯಾಕ್ಸ್ ಆಫೀಸಿಗೆ ಹೋಗಿ, ಇದನ್ನು ಹೇಗೆ ನಿಮ್ಮ ಹೆಸರಿಗೆ ಮಾಡುತ್ತೀರಿ ಅಂತ ಕೇಳಿ. 2001ರ ಆ ಸಿಲ್ವರಾಡೋ ಎಲ್ಲಿಂದ ಬಂತು ಅನ್ನುವುದಕ್ಕೆ ರಸೀದಿ ಇದೆಯಾ ಅಂತ ಮಾಲೀಕರನ್ನೂ ಕೇಳಿ. ಕದ್ದ ಗಾಡಿಯ ಚಾಸಿ ಅಲ್ಲ ಅಂತ ಖಾತ್ರಿ ಆಗಬೇಕಲ್ಲ. ಕಂಬದ ನಂಬರ್ ಪ್ಲೇಟನ್ನು ಮಾತ್ರ ಯಾರು ಏನೇ ಹೇಳಿದರೂ ಬಿಚ್ಚಿ ಬೇರೆ ಕಡೆ ಹಾಕಬೇಡಿ. ಅದು ಇಲ್ಲಿ ಜೈಲಿಗೆ ಹೋಗುವ ಅಪರಾಧ.

ಇನ್ಶೂರೆನ್ಸ್ ಸಾಮಾನ್ಯ ಪಾಲಿಸಿ ಬೇಡ. ಹಳೇ ಗಾಡಿಗಳಿಗೆ ಮೊದಲೇ ಮೊತ್ತ ಒಪ್ಪಿಕೊಂಡು ಮಾಡುವ ಪಾಲಿಸಿ ಇರುತ್ತದೆ, ಅದನ್ನೇ ಮಾಡಿಸಿ. ಇಲ್ಲದಿದ್ದರೆ ನಾಳೆ ಏನಾದರೂ ಆದರೆ 53ರ ಮಾಮೂಲಿ ಪಿಕಪ್ಪಿನ ಬೆಲೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಮತ್ತೆ ಹೋದಾಗ ಎಡಗಡೆ ಕ್ಯಾಬ್ ಕೆಳಗಿನ ಮೌಂಟುಗಳ ಫೋಟೋ ಇಲ್ಲಿ ಹಾಕಿ. ಮುಂದಿನದು, ನಡುವಿನದು, ಹಿಂದಿನದು, ಮೂರೂ ಬೇಕು. ಟಾರ್ಚ್ ಹಿಡಿದು ಹತ್ತಿರದಿಂದ ತೆಗೆಯಿರಿ. ಗಾಡಿಯ ಬಣ್ಣ ತೋರಿಸುವ ಫೋಟೋ ಇನ್ನು ಬೇಡ, ಅದನ್ನು ಆಗಲೇ ನೋಡಿಯಾಯಿತು.

ಫ್ರಿಸ್ಕೋ ಮಂಜು:

ಆಯ್ತು ಸರ್. ಗುರುವಾರ ಟ್ಯಾಕ್ಸ್ ಆಫೀಸ್, ಶನಿವಾರ ಮೌಂಟ್ ಫೋಟೋ. ಅಲ್ಲಿಯ ತನಕ ಅಡ್ವಾನ್ಸ್ ಕೊಡುವುದಿಲ್ಲ ಅಂತ ಮಾಲೀಕರಿಗೂ ಮನೆಯವಳಿಗೂ ಹೇಳಿದ್ದೇನೆ. ಮಾಲೀಕರು ಒಪ್ಪಿದರು.